ಸಿಟಿ ಸ್ಕ್ಯಾನ್ ಆಗಿದ್ದರೂ ರೇಡಿಯೇಶನ್‌ಗೆ ಮೊದಲು ಪೆಟ್ ಸ್ಕ್ಯಾನ್ ಯಾಕೆ?

ರಾಯಚೂರಿನ ನಿಮ್ಮ ಮಾವನಿಗೆ ಶ್ವಾಸಕೋಶದ ಕ್ಯಾನ್ಸರ್, ಸಿಟಿ ಆಗಿದೆ, ಮತ್ತೆ ಪೆಟ್ ಯಾಕೆ ಅಂತ ಕೇಳಿದ್ದೀರಿ. ಡಾಕ್ಟರು ಸುಮ್ನೆ ಬರೆದದ್ದಲ್ಲ. ಸಿಟಿ ಆಕಾರ ತೋರಿಸುತ್ತದೆ, ಪೆಟ್ ಜೀವಕೋಶಗಳ ಹಸಿವು ತೋರಿಸುತ್ತದೆ. ಸ್ಕ್ಯಾನ್‌ಗೆ ಮೊದಲು ಚುಚ್ಚುವ, ವಿಕಿರಣ ಸೂಸುವ ಸಕ್ಕರೆಯಂಥ ಮದ್ದು ಎಫ್‌ಡಿಜಿಯನ್ನು ಗಡ್ಡೆ ಜಾಸ್ತಿ ಹೀರಿ ಹೊಳೆಯುತ್ತದೆ.

ಗಡ್ಡೆ ಶ್ವಾಸನಾಳ ಮುಚ್ಚಿದರೆ ಅದರಾಚೆಯ ಶ್ವಾಸಕೋಶ ಗಾಳಿಯಿಲ್ಲದೆ ಕುಸಿಯುತ್ತದೆ. ಸಿಟಿಯಲ್ಲಿ ಎರಡೂ ಒಂದೇ ಮುದ್ದೆಯಂತೆ ಕಾಣಬಹುದು. ಪೆಟ್ ಗೆರೆ ಎಳೆದುಕೊಟ್ಟರೆ ಕಿರಣಕ್ಕೆ ಗುರಿ ಚಿಕ್ಕದಾಗುತ್ತದೆ, ಒಳ್ಳೆಯ ಶ್ವಾಸಕೋಶ, ಅನ್ನನಾಳಕ್ಕೆ ಪೆಟ್ಟು ಕಡಿಮೆ.

ಆದರೆ ಟಿಬಿ ಗಂಟೂ ಹೊಳೆಯುತ್ತದೆ! ನಮ್ಮ ಕಡೆ ಟಿಬಿ ಅಪರೂಪ ಅಲ್ವಲ್ಲ, ಹಾಗಾಗಿ ಅನುಮಾನದ ಗಂಟಿಗೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಬೇಕು.

ಶುಗರ್ ಇದ್ದರೆ ಮೊದಲೇ ಹೇಳಿ. ಎಫ್‌ಡಿಜಿಯ ವಿಕಿರಣ ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ. ಸ್ಕ್ಯಾನ್‌ಗೆ ಹೈದರಾಬಾದಿಗೆ ಹೋಗುವುದಾದರೆ ಹಿಂದಿನ ದಿನವೇ ಹೊರಡಿ; ಬಸ್ ತಡವಾಯ್ತು ಅಂದರೆ ಎಫ್‌ಡಿಜಿ ಕಾಯುವುದಿಲ್ಲ.