ಸಲಿಂಗಿಗಳು, ಸಭಾಸೇವೆ ಮತ್ತು ಯುವಕರ ಮಾತು

ನಿಮ್ಮ ಪ್ರಶ್ನೆ ಹೀಗಿದೆ: ನೀವು ಹುಬ್ಬಳ್ಳಿಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ, ಅಂದರೆ ಚರ್ಚಿನ, ಯುವಜನ ಸಂಘದಲ್ಲಿದ್ದೀರಿ. ಸಲಿಂಗಿಗಳು ಸಭೆಯಲ್ಲಿ ಸೇವೆ ಮಾಡಬಹುದಾ ಅಂತ ಬೈಬಲ್ ಸ್ಟಡಿಯಲ್ಲಿ ಕೇಳಿದಿರಿ. "ಇದು ನಿಮ್ಮ ವಯಸ್ಸಿನ ಮಾತಲ್ಲ" ಅಂತ ಹಿರಿಯರು ಅಂದರು. ಯುವಕರಿಗೆ ಇಲ್ಲಿ ಮಾತಾಡುವ ಹಕ್ಕಿದೆಯಾ, ಮಾತಾಡಿದರೆ ಏನಾದರೂ ಆಗುತ್ತದಾ?

ಹಕ್ಕಿದೆ. ಈ ವಿಷಯದಲ್ಲಂತೂ ಮೊದಲು ಕೇಳಬೇಕಾದದ್ದೇ ನಿಮ್ಮ ಮಾತು. ನಾನು ಧಾರವಾಡದವಳು. ಬಹಳ ವರ್ಷ ಸಂಡೇ ಸ್ಕೂಲ್ ಟೀಚರ್ ಆಗಿದ್ದೆ, ಈಗ ನಮ್ಮ ಸಭೆಯ ಕಮಿಟಿಯಲ್ಲಿದ್ದೇನೆ.

ನಮ್ಮ ಸಭೆಗಳಲ್ಲಿ ಕೆಲಸಕ್ಕೆ ಯುವಕರೇ ಬೇಕು. ಕ್ರಿಸ್ಮಸ್ ಕ್ಯಾರಲ್ಸ್‌ಗೆ ಮನೆ ಮನೆ ತಿರುಗುವವರು ನೀವು. ಸುಗ್ಗಿ ಹಬ್ಬದ ಹರಾಜಿಗೆ ಓಡಾಡುವವರು, ಬೇಸಿಗೆಯಲ್ಲಿ ವಿಬಿಎಸ್ (ರಜೆಯ ಬೈಬಲ್ ಶಾಲೆ) ಮಕ್ಕಳನ್ನು ಸಂಭಾಳಿಸುವವರು, ಕೊಯರ್, ಕೀಬೋರ್ಡ್, ಪ್ರೊಜೆಕ್ಟರ್ ಎಲ್ಲಾ ನೀವೇ. ತೀರ್ಮಾನದ ಹೊತ್ತಿಗೆ ಮಾತ್ರ "ನೀವು ಹಾಡು ನೋಡ್ಕೋರಿ, ಉಳಿದದ್ದು ಹಿರ್ಯಾರು ನೋಡ್ತಾರ" ಅನ್ನುತ್ತಾರೆ. ದೃಢೀಕರಣ ಕೊಟ್ಟು, ಅಂದರೆ ಸಭೆಯ ಪೂರ್ಣ ಸದಸ್ಯರಾಗಿ ಒಪ್ಪಿ, ಕರ್ತನ ಭೋಜನಕ್ಕೆ ಕರೆದವರೂ ಇದೇ ಹಿರಿಯರು. ಅಲ್ಲಿ ದೊಡ್ಡವರಾದವರು ಇಲ್ಲಿ ಚಿಕ್ಕವರು ಹೇಗಾಗುತ್ತಾರೆ?

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ತಾನು ಬೇರೆ ಥರ ಅಂತ ಒಂದು ಮಗುವಿಗೆ ಗೊತ್ತಾಗುವುದು ಸಾಮಾನ್ಯವಾಗಿ ಹದಿಹರೆಯದಲ್ಲಿ. ಆ ಹೊತ್ತಿಗೆ ಅದು ನಮ್ಮದೇ ಬೆಂಚಿನ ಮೇಲೆ ಕೂತಿರುತ್ತದೆ. ಅಮ್ಮನಿಗೂ ಹೇಳದ ಮಾತನ್ನು ಗೆಳೆಯರಿಗೆ ಹೇಳಿರುತ್ತದೆ. ಕಮಿಟಿಯಲ್ಲಿ ನಾವು "ಅಂಥವರು" ಅಂತ ಚರ್ಚೆ ಮಾಡುತ್ತೇವೆ. ನಿಮಗೆ ಅವರ ಹೆಸರು ಗೊತ್ತಿರುತ್ತದೆ.

ನನ್ನ ಕಣ್ಣಮುಂದೆ ಬೆಳೆದ ಒಬ್ಬ ಹುಡುಗನಿಗೆ ಥಿಯಾಲಜಿ ಓದುವ ಆಸೆ ಇತ್ತು. ಸಭಾಸೇವೆಗೆ, ಅಂದರೆ ದೀಕ್ಷೆ ಪಡೆದು ಪಾದ್ರಿಯಾಗಲು, ಹೋಗಬೇಕಾದರೆ ಮೊದಲು ತನ್ನ ಸಭೆಯ ಶಿಫಾರಸು ಬೇಕು, ಆಮೇಲೆ ಡಯಾಸಿಸ್ (ಬಿಷಪ್‌ರ ಕೈಕೆಳಗಿನ ಪ್ರಾಂತ) ಒಪ್ಪಬೇಕು. ಶಿಫಾರಸಿನ ಹೊತ್ತಿಗೆ ಅವನ ಭಕ್ತಿಯ ಬಗ್ಗೆ ಯಾರೂ ಕೇಳಲಿಲ್ಲ. ಅವನ ನಡಿಗೆ, ದನಿ, ಕೈ ಆಡಿಸುವ ರೀತಿ ಇವೇ ಮಾತಾದವು. ಬೇಡ ಅಂತ ಯಾರೂ ಬರೆದು ಕೊಡಲಿಲ್ಲ. ಸುಮ್ನೆ ಮುಂದೂಡಿದರು. ಕೊನೆಗೆ ಅವನೇ ಬಿಟ್ಟ. ಇಡೀ ಸಿಎಸ್‌ಐನ ಮೇಲಿನ ಮಂಡಳಿಯಾದ ಸಿನೋಡ್‌ನಲ್ಲಿ ದೊಡ್ಡ ಚರ್ಚೆ ಯಾವಾಗ ಆಗುತ್ತದೋ, ಆದರೆ ನಮ್ಮೂರಲ್ಲಿ ತೀರ್ಮಾನ ಹೀಗೆ ಆಗುತ್ತಲೇ ಇದೆ. ಆ ಕೋಣೆಯಲ್ಲಿ ಅವನ ಓರಗೆಯವರು ಒಬ್ಬರೂ ಇರಲಿಲ್ಲ.

"ಇದು ಫಾರಿನ್‌ನಿಂದ ಬಂದದ್ದು" ಅಂತ ನಿಮಗೆ ಹೇಳಿಯೇ ಹೇಳುತ್ತಾರೆ. ಸವದತ್ತಿ ಯಲ್ಲಮ್ಮನ ಗುಡ್ಡ ಧಾರವಾಡದಿಂದ ಎಷ್ಟು ದೂರ? ಗಂಡಾಗಿ ಹುಟ್ಟಿ ಹೆಣ್ಣಿನ ವೇಷದಲ್ಲಿ ಯಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಗಳನ್ನು ನೋಡದೆ ಈ ಕಡೆ ಬೆಳೆದವರು ಯಾರಿದ್ದಾರೆ? ಅವರಲ್ಲೇ ಒಬ್ಬರಾದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದು ನಮ್ಮ ನಂಬಿಕೆಯ ದಾರಿ ಅಲ್ಲ, ಸಲಿಂಗ ಪ್ರೇಮವೂ ಅದೂ ಒಂದೇ ಅಲ್ಲ. ಆದರೆ ಗಂಡು-ಹೆಣ್ಣು ಎಂಬ ಎರಡೇ ಅಚ್ಚಿನಲ್ಲಿ ಎಲ್ಲರೂ ಕೂರುವುದಿಲ್ಲ ಅನ್ನುವುದು ಈ ನೆಲಕ್ಕೆ ಹೊಸ ಸುದ್ದಿಯಲ್ಲ. ಕ್ರೈಸ್ತ ಧರ್ಮ ಸಾರಲು ಬಂದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬರುವ ಮೊದಲೇ ಇದು ಇಲ್ಲಿತ್ತು.

ಕಾನೂನಿನ ಮಾತು ಬಂದರೆ ಚಿಕ್ಕದಾಗಿ ಹೇಳಿ. ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಮದುವೆಗೆ ಮಾನ್ಯತೆ ಕೊಡಲು 2023ರಲ್ಲಿ ಒಪ್ಪಲಿಲ್ಲ. ಹಾಗಾಗಿ ನಾಳೆಯೇ ಚರ್ಚಿನಲ್ಲಿ ಇಬ್ಬರು ಗಂಡಸರ ಮದುವೆ ಮಾಡಿಸಬೇಕಾಗುತ್ತದೆ ಎಂಬ ಭಯ ಬೇಡ.

ಬೈಬಲ್ ವಿಷಯದಲ್ಲಿ ಮಾತ್ರ ಚಿಕ್ಕದಾಗಿ ಮುಗಿಸಬೇಡಿ. ಸಲಿಂಗ ಸಂಬಂಧ ತಪ್ಪು ಅನ್ನಲು ಯಾಜಕಕಾಂಡ 18, ರೋಮಾಪುರದವರಿಗೆ ಬರೆದ ಪತ್ರದ 1ನೇ ಅಧ್ಯಾಯ ಎತ್ತುತ್ತಾರೆ. ತಪ್ಪಿಸಿಕೊಳ್ಳದೆ ಅವರ ಜೊತೆ ಕೂತು ಪೂರ್ತಿ ಓದಿ. ಆಮೇಲೆ ಯೆಶಾಯ 56 ಮತ್ತು ಅಪೊಸ್ತಲರ ಕೃತ್ಯಗಳು 8ನ್ನೂ ಓದೋಣ ಅನ್ನಿ. ದೇವಾಲಯದ ಹೊರಗಿಟ್ಟಿದ್ದ ನಪುಂಸಕರಿಗೆ, ಪರದೇಶದವರಿಗೆ ಅಲ್ಲಿ ಬಾಗಿಲು ತೆರೆಯುತ್ತದೆ.

1 ತಿಮೊಥೆಯವನ್ನೂ ತೆಗೆಯಿರಿ. ನಿನ್ನ ಎಳೆ ಪ್ರಾಯ ನೋಡಿ ಯಾರೂ ನಿನ್ನನ್ನು ಕಡೆಗಣಿಸದಿರಲಿ ಅಂತ 4ನೇ ಅಧ್ಯಾಯದಲ್ಲಿದೆ. ಹೆಂಗಸು ಉಪದೇಶ ಮಾಡಬಾರದು ಅಂತ ಅದೇ ಪತ್ರದ 2ನೇ ಅಧ್ಯಾಯದಲ್ಲಿದೆ. ಆ ವಚನ ಇದ್ದೂ ಸಿಎಸ್‌ಐ 1976ರಲ್ಲಿ ಮೊದಲ ಮಹಿಳೆಗೆ ಪ್ರೆಸ್ಬಿಟರ್ (ಪಾದ್ರಿ) ದೀಕ್ಷೆ ಕೊಟ್ಟಿತು. 2013ರಲ್ಲಿ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಅವರು ಬಿಷಪ್ ಆದರು. ವಚನವನ್ನು ಕಿತ್ತು ಹಾಕಲಿಲ್ಲ. ಮತ್ತೆ ಕೂತು ಓದಿದರು, ದೇವರು ಕರೆದ ಹೆಂಗಸರನ್ನು ಎದುರಿಗೇ ನೋಡಿದರು. ಎರಡೂ ವಿಷಯ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ "ಬೈಬಲ್‌ನಲ್ಲಿದೆ, ಚರ್ಚೆ ಮುಗಿಯಿತು" ಅನ್ನುವ ಸಭೆ ನಮ್ಮದಲ್ಲ, ಅಲ್ವಾ?

ಹಿರಿಯರ ಒಂದು ಭಯವನ್ನು ಮಾತ್ರ ನೀವು ಗೌರವಿಸಲೇಬೇಕು. ಸಭೆ ಒಡೆಯುವ ಭಯ. ಸಿಎಸ್‌ಐ ಹುಟ್ಟಿದ್ದೇ 1947ರಲ್ಲಿ ಬೇರೆ ಬೇರೆ ಸಭೆಗಳು ಒಂದಾಗಿ. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚನ್ನು ನೋಡಿ. ಸಲಿಂಗಿಗಳಿಗೆ ದೀಕ್ಷೆ ಇಲ್ಲ ಅಂತ 1984ರಲ್ಲಿ ನಿಯಮ ಮಾಡಿತ್ತು. 2019ರ ಮಹಾಸಭೆಯಲ್ಲಿ ಯುವ ಪ್ರತಿನಿಧಿಗಳು ಎದ್ದು ನಿಂತು ಬೇಡಿಕೊಂಡರು. ಆದರೂ 438–384 ಮತಗಳಿಂದ ನಿಯಮ ಇನ್ನೂ ಬಿಗಿಯಾಯಿತು. 2024ರಲ್ಲಿ 692–51 ಮತಗಳಿಂದ ಅದೇ ನಿಯಮ ಬಿದ್ದುಹೋಯಿತು. ನಡುವೆ ಅಲ್ಲಿ 7,000ಕ್ಕೂ ಜಾಸ್ತಿ ಸಭೆಗಳು ಬಿಟ್ಟು ಹೋಗಿದ್ದವು. (ಬೀದರ್, ಕಲಬುರಗಿ ಕಡೆಯ ನಮ್ಮ ಮೆಥಡಿಸ್ಟರಿಗೆ ಈ ಮತದಾನ ಅನ್ವಯಿಸುವುದಿಲ್ಲ. ಅವರದು 1981ರಿಂದಲೇ ಸ್ವತಂತ್ರ ಸಭೆ.) ಮತದಿಂದ ನಿಯಮ ಬದಲಾಗುತ್ತದೆ, ಜೊತೆಗೆ ಕೂರುವ ಜನ ಕಡಿಮೆಯಾಗುತ್ತಾರೆ. ಅದಕ್ಕೇ ಮೊದಲು ಠರಾವು ಕೇಳಬೇಡಿ ಅನ್ನುತ್ತೇನೆ.

ಮೊದಲು ಕೇಳಬೇಕಾದದ್ದು ಕುರ್ಚಿ. ಯುವಜನ ಸಂಘದಿಂದ ಇಬ್ಬರು, ಒಬ್ಬ ಹುಡುಗ, ಒಬ್ಬ ಹುಡುಗಿ, ಕಮಿಟಿಯಲ್ಲಿ ಕೂರಬೇಕು ಅಂತ ಪಾದ್ರಿ ಅಯ್ಯನವರಿಗೆ ಬರೆದು ಕೊಡಿ. ಬಾಯಿಮಾತಲ್ಲಿ ಹೇಳಿದ್ದು ಚಹಾ ಕುಡಿಯುವಷ್ಟರಲ್ಲಿ ಮರೆತುಹೋಗುತ್ತದೆ. ಸಭಾಸೇವೆಗೆ ಶಿಫಾರಸು ಮಾಡುವ ದಿನ ಅವರು ಇರಲೇಬೇಕು ಅಂತ ಅದರಲ್ಲೇ ಬರೆಯಿರಿ. ಜೊತೆಗೆ ಒಂದು ಶನಿವಾರ ಅಧ್ಯಯನಕ್ಕೆ ಕೇಳಿ. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಿಂದ ಪಾಠ ಮಾಡುವವರೊಬ್ಬರನ್ನು ಕರೆಸಿ. ವಿರೋಧಿಸುವ ಹಿರಿಯರನ್ನೂ ಮಾತಾಡಲು ಕರೆಯಿರಿ. ಅವರನ್ನು ಹಳೇ ಕಾಲದವರು ಅಂತ ಹಂಗಿಸಿದರೆ ಆ ದಿನವೇ ಬಾಗಿಲು ಮುಚ್ಚುತ್ತದೆ.

ಇಷ್ಟು ಮಾತ್ರ ಬಿಗಿಯಾಗಿ ಹೇಳುತ್ತೇನೆ. ವಾದ ಗೆಲ್ಲಲು ಗೆಳೆಯರ ಗುಟ್ಟನ್ನು ಎಂದೂ ಬಳಸಬೇಡಿ. ಹೆಸರು ಹೇಳದಿದ್ದರೂ ನಮ್ಮ ಸಣ್ಣ ಸಭೆಗಳಲ್ಲಿ ಗುರುತು ಹತ್ತುತ್ತದೆ. ಪ್ರಾರ್ಥನೆ ಮಾಡಿ "ಸರಿ ಮಾಡ್ತೀವಿ" ಅಂತ ಯಾರನ್ನಾದರೂ ಒತ್ತಾಯಿಸಿದರೆ ತಡೆಯಿರಿ. ಇಂಥ ಬದಲಾಯಿಸುವ ಚಿಕಿತ್ಸೆ ಮಾಡುವುದು ವೈದ್ಯರಿಗೂ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಯಾರಾದರೂ ತೀರಾ ಕುಗ್ಗಿದ್ದು ಕಂಡರೆ ಕಮಿಟಿ, ಪತ್ರ ಎಲ್ಲಾ ಆಮೇಲೆ. ಅವರ ಜೊತೆ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಬೇಕಾದರೆ ನೀವೇ ಜೊತೆಗೆ ಹೋಗಿ.