ವೇರಿಯೋ (ಹಾರುವಾಗ ಏರಿಳಿತವನ್ನು ಕೂಗಿ ತಿಳಿಸುವ ಉಪಕರಣ) ಫೋನಿಗೆ ಪೇರ್ ಆಗಿದೆ, ಆದರೂ ಎಕ್ಸ್‌ಸಿಸೋರ್‌ಗೆ (ಹಾರಾಟದ ಮಾಹಿತಿ ತೋರಿಸುವ ಆಪ್) ಡೇಟಾ ಬರುತ್ತಿಲ್ಲ. ಯಾಕೆ?

ನಾನು ಚಿಕ್ಕಬಳ್ಳಾಪುರದವನು, ಪ್ಯಾರಾಗ್ಲೈಡಿಂಗ್ ಮಾಡುತ್ತೇನೆ. ನನಗೂ ಇದೇ ಕಾಟ ಇತ್ತು. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ವೇರಿಯೋ ಹೆಸರಿದೆ, ಮ್ಯಾಪ್ ಸರಿಯಾಗಿದೆ, ಆದರೆ ವೇರಿಯೋ ಕೂಗಿ ಎಷ್ಟೋ ಹೊತ್ತಾದ ಮೇಲೆ ಫೋನಿನಲ್ಲಿ ಏರಿಳಿತ ತೋರಿಸುವ ಮುಳ್ಳು ಅಲುಗುತ್ತದೆ ಅಂತ ಬರೆದಿದ್ದೀರಿ. ಆ ತಡವೇ ಸುಳಿವು. ನಿಮ್ಮ ಆಪ್ ವೇರಿಯೋ ಮಾತು ಕೇಳುತ್ತಿಲ್ಲ, ಫೋನಿನ ಜಿಪಿಎಸ್ ಎತ್ತರದಿಂದಲೇ ಲೆಕ್ಕ ಹಾಕುತ್ತಿದೆ ಅನಿಸುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಿ. ಫೋನ್ ಮೇಜಿನ ಮೇಲಿರಲಿ. ವೇರಿಯೋ ಮಾತ್ರ ಕೈಯಲ್ಲಿ ಹಿಡಿದು ಸೊಂಟದಿಂದ ತಲೆಯ ಮೇಲಕ್ಕೆ ಸರ್ರನೆ ಎತ್ತಿ. ಕೂಗಿನ ಜೊತೆಗೇ ಮುಳ್ಳು ಏರಿದರೆ ಲಿಂಕ್ ಸರಿ ಇದೆ. ಏರದಿದ್ದರೆ ಇಲ್ಲ.

ಪೇರ್ ಆಗುವುದು ಬೇರೆ, ಕನೆಕ್ಟ್ ಆಗುವುದು ಬೇರೆ: ಮೊದಲನೆಯದು ಬರೀ ಪರಿಚಯ, ಎರಡನೆಯದು ಮಾತುಕತೆ. ಹಳೇ ಮಾದರಿಯ ಬ್ಲೂಟೂತ್ ವೇರಿಯೋಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಫೋನಿನ ಜೊತೆ ಮಾತಾಡುತ್ತವೆ. ನನ್ನದು ಮನೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು, ಮೈದಾನಕ್ಕೆ ಹೋದರೆ ಕೈಕೊಡುತ್ತಿತ್ತು. ಮೂರು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಾಯಿತು: ನನ್ನ ತಮ್ಮ ನನ್ನ ಹಳೇ ಫೋನನ್ನು ಬ್ಯಾಗಿನಲ್ಲಿಟ್ಟುಕೊಂಡು ಜೊತೆಗೆ ಬರುತ್ತಿದ್ದ. ಅದರಲ್ಲೂ ಅದೇ ಆಪ್ ಇತ್ತು, ಅದೇ ಮೊದಲು ವೇರಿಯೋ ಹಿಡಿದುಕೊಳ್ಳುತ್ತಿತ್ತು. ಹಾಗಾಗಿ ಈ ಹಿಂದೆ ಪೇರ್ ಮಾಡಿದ ಬೇರೆಲ್ಲ ಫೋನ್, ಟ್ಯಾಬ್‌ಗಳಿಂದ ವೇರಿಯೋ ಹೆಸರು ಅಳಿಸಿ.

ಆಮೇಲೆ ಎಕ್ಸ್‌ಸಿಸೋರ್‌ನ ಡಿವೈಸಸ್ ಪುಟದಲ್ಲಿ ವೇರಿಯೋವನ್ನು ಪೋರ್ಟ್ (ಡೇಟಾ ಬರುವ ದಾರಿ) ಆಗಿ ಆರಿಸಿ, ಬರುವ ಡೇಟಾ ತೋರಿಸುವ ಮಾನಿಟರ್ ಬಟನ್ ಒತ್ತಿ. ಡಾಲರ್ ಚಿಹ್ನೆಯಿಂದ ಶುರುವಾಗುವ ಸಾಲುಗಳು ಓಡುತ್ತಿದ್ದರೆ ಡೇಟಾ ಬರುತ್ತಿದೆ, ಡ್ರೈವರ್ (ಆ ಸಾಲುಗಳನ್ನು ಆಪ್‌ಗೆ ಅರ್ಥಮಾಡಿಸುವ ಆಯ್ಕೆ) ತಪ್ಪಿರಬಹುದು. ಸಾಲಿನಲ್ಲಿ ಎಲ್‌ಎಕ್ಸ್‌ಡಬ್ಲ್ಯುಪಿ0 (LXWP0) ಅಂತಿದ್ದರೆ ಎಲ್‌ಎಕ್ಸ್ ಡ್ರೈವರ್ ಹಾಕಿ. ಏನೂ ಬರದಿದ್ದರೆ ಫೋನಿನ ಅನುಮತಿ ನೋಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಹತ್ತಿರದ ಸಾಧನಗಳ ಅನುಮತಿ ಬೇರೆಯಾಗಿ ಕೊಡಬೇಕು. ಬ್ಯಾಟರಿ ಉಳಿತಾಯದ ಪಟ್ಟಿಯಿಂದಲೂ ಆಪನ್ನು ಹೊರಗಿಡಿ.

ವೇರಿಯೋ, ಫೋನ್ ಎರಡರಲ್ಲೂ ಎತ್ತರ ಬೇರೆ ಬೇರೆ ತೋರಿಸಿದರೆ ಗಾಬರಿಯಾಗಬೇಡಿ, ಅದು ಲಿಂಕಿನ ತಪ್ಪಲ್ಲ. ವೇರಿಯೋ ಗಾಳಿಯ ಒತ್ತಡದಿಂದ ಎತ್ತರ ಅಳೆಯುತ್ತದೆ, ಒತ್ತಡ ದಿನಾ ಬದಲಾಗುತ್ತದೆ. ಜಿಪಿಎಸ್‌ನ ಕಚ್ಚಾ ಎತ್ತರವಂತೂ ನಮ್ಮ ಕಡೆ ಸಮುದ್ರ ಮಟ್ಟದ ಲೆಕ್ಕಕ್ಕಿಂತ 80 ಮೀಟರಿಗೂ ಜಾಸ್ತಿ ಕೆಳಗೆ ಬರುತ್ತದೆ. ನಂದಿ ಬೆಟ್ಟದ ತುದಿ 1478 ಮೀಟರ್. ಅಲ್ಲಿ ನಿಂತು ಒಮ್ಮೆ ಹೋಲಿಸಿ ನೋಡಿ.

ದಯವಿಟ್ಟು ಇದನ್ನೆಲ್ಲ ನೆಲದ ಮೇಲೇ ಮುಗಿಸಿ. ಹಾರುವಾಗ ಲಿಂಕ್ ಹೋದರೆ ಹೋಗಲಿ, ವೇರಿಯೋ ಕೂಗು ಕೇಳುತ್ತದಲ್ವಾ? ಕೈಗಳು ಗ್ಲೈಡರಿನ ಬ್ರೇಕ್ ಹಿಡಿಗಳ ಮೇಲೇ ಇರಲಿ. ಮಾನಿಟರ್‌ನಲ್ಲಿ ಕಂಡ ಮೊದಲ ಎರಡು ಸಾಲು ಇಲ್ಲಿ ಬರೆಯಿರಿ, ಯಾವ ಡ್ರೈವರ್ ಬೇಕು ಅಂತ ನೋಡಿ ಹೇಳುತ್ತೇನೆ.