ಪೋರ್ಚುಗಲ್‌ನಲ್ಲಿ ಡ್ರಗ್ಸ್‌ಗೆ ನಿಜಕ್ಕೂ ನಿಷೇಧವಿಲ್ಲವೇ?

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ಮಗ ಹಾಸ್ಟೆಲ್‌ನಲ್ಲಿ ಗಾಂಜಾ ಸೇದುತ್ತಾನೆಂದು ಈಚೆಗೆ ಗೊತ್ತಾಯಿತು. ಕೇಳಿದರೆ ‘ಪೋರ್ಚುಗಲ್‌ನಲ್ಲಿ ಎಲ್ಲ ಡ್ರಗ್ಸೂ ಕಾನೂನುಬದ್ಧ, ತಪ್ಪು ನಮ್ಮ ದೇಶದ್ದು’ ಎನ್ನುತ್ತಾನೆ. ನಿಜವೇ? ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಕೇಸಾಗುತ್ತದೆಯೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಕೇಸಿನ ಭಯ ಬಿಡಿ ತಾಯಿ. ಮಾದಕ ವ್ಯಸನದಿಂದ ಬರುವ ಮಾನಸಿಕ ತೊಂದರೆಗಳೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಚಿಕಿತ್ಸೆಯ ವಿವರವನ್ನು ವೈದ್ಯರು ಗೋಪ್ಯವಾಗಿಡಲೇಬೇಕು. ಅಷ್ಟೇ ಅಲ್ಲ, ಮಾದಕ ವಸ್ತುಗಳನ್ನು ನಿಷೇಧಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಎಂಬ ಸೆಕ್ಷನ್ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ಅರ್ಧಕ್ಕೇ ಬಿಟ್ಟರೆ ವಿನಾಯಿತಿಯೂ ಹೋಗಬಹುದು.

ಇನ್ನು ಪೋರ್ಚುಗಲ್. ನಿಮ್ಮ ಮಗ ಹೇಳಿದ್ದು ಅರ್ಧ ಸತ್ಯ. 2001ರಿಂದ ಅಲ್ಲಿ ಸುಮಾರು ಹತ್ತು ದಿನದ ಸ್ವಂತ ಬಳಕೆಗೆ ಆಗುವಷ್ಟು ಇಟ್ಟುಕೊಳ್ಳುವುದು ಅಪರಾಧವಲ್ಲ. ಗಾಂಜಾ ಆದರೆ 25 ಗ್ರಾಂ. ಆದರೂ ನಿಷೇಧ ಇದ್ದೇ ಇದೆ. ಪೊಲೀಸರು ಮಾಲು ಕಿತ್ತುಕೊಳ್ಳುತ್ತಾರೆ, ಮಾರಿದವನು ಜೈಲಿಗೇ ಹೋಗುತ್ತಾನೆ. ಸಿಕ್ಕಿಬಿದ್ದ ಹುಡುಗ ಮಾತ್ರ ಕಟಕಟೆ ಹತ್ತುವುದಿಲ್ಲ. ಕಾನೂನು, ಆರೋಗ್ಯ, ಸಮಾಜಸೇವೆ ಬಲ್ಲ ಮೂವರ ಸಮಿತಿಯ ಎದುರು ಕೂತು ಮಾತಾಡುತ್ತಾನೆ. ಎಷ್ಟು ದಿನದಿಂದ, ಯಾವುದು, ಮನೆಯಲ್ಲಿ ಏನು ಕಷ್ಟ ಎಂದು ಅವರು ವಿಚಾರಿಸುತ್ತಾರೆ. ವ್ಯಸನ ಅಂಟಿದ್ದರೆ ಚಿಕಿತ್ಸೆಗೆ ಕಳಿಸುತ್ತಾರೆ. ಹೆರಾಯಿನ್ ಚುಚ್ಚಿಕೊಳ್ಳುವವರಲ್ಲಿ ಹೊಸ ಎಚ್‌ಐವಿ ಸೋಂಕು ಅಲ್ಲಿ ಬಹಳ ಇಳಿದದ್ದು ಹೀಗೆ ಚಿಕಿತ್ಸೆ, ಹೆರಾಯಿನ್ ಬದಲಿಗೆ ವೈದ್ಯರು ಕೊಡುವ ಮೆಥಡೋನ್ ಎಂಬ ಔಷಧ, ಶುದ್ಧ ಸೂಜಿ ಕೈಗೆಟುಕಿದ್ದರಿಂದ. ಅಮೆರಿಕದ ಒರೆಗಾನ್ ರಾಜ್ಯ 2021ರಲ್ಲಿ ಶಿಕ್ಷೆಯನ್ನು ಮೊದಲು ತೆಗೆಯಿತು, ಚಿಕಿತ್ಸಾ ಕೇಂದ್ರಗಳು ಏಳುವುದು ತಡವಾಯಿತು. 2024ರಲ್ಲಿ ಶಿಕ್ಷೆಯನ್ನು ಮತ್ತೆ ತಂದಿತು.

ಗಾಂಜಾ ಅಂಗಡಿಯಲ್ಲಿ ಮಾರಲಿ ಎನ್ನುವವನಲ್ಲ ನಾನು. ಆದರೆ ನಮ್ಮ ಕಾಯ್ದೆಯಲ್ಲಿ 1 ಕೆ.ಜಿ.ವರೆಗಿನ ಗಾಂಜಾ ಎಲ್ಲ ಒಂದೇ ಲೆಕ್ಕ, ಒಂದು ವರ್ಷದವರೆಗೆ ಜೈಲು ಆಗಬಹುದು. ಜೇಬಿನಲ್ಲಿ ಒಂದು ಪೊಟ್ಟಣ ಇಟ್ಟುಕೊಂಡ ಹುಡುಗನನ್ನು ಅಲ್ಲಿಗೆ ಕಳಿಸುವುದು ಅನ್ಯಾಯ. ಈ ವಿಷಯದಲ್ಲಿ ನಾನು ನಿಮ್ಮ ಮಗನ ಕಡೆ.

ಅವನೊಂದಿಗೆ ಕಾನೂನಿನ ಜಗಳ ಬೇಡ. ನಿದ್ದೆ, ಊಟ, ಓದು ಹೇಗಿದೆ ಕೇಳಿ. ಬಿಟ್ಟ ಮೊದಲ ಒಂದೆರಡು ವಾರ ನಿದ್ದೆಗೆಡುತ್ತದೆ, ಸಿಡುಕು ಹೆಚ್ಚುತ್ತದೆ, ಆಗ ರೇಗಬೇಡಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. ಯಾರೋ ಹಿಂಬಾಲಿಸುತ್ತಿದ್ದಾರೆ, ಕಿವಿಯಲ್ಲಿ ಮಾತು ಕೇಳಿಸುತ್ತದೆ ಎಂದೇನಾದರೂ ಅವನು ಹೇಳಿದರೆ ಒಂದು ದಿನವೂ ಕಾಯದೆ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ.